ಪಟ್ಟಿಯಲ್ಲಿಲ್ಲದ ಹಸಿವು

ಸಮತಟ್ಟೆ ಶಕೆ ೭೪, ಹದಿಮೂರನೆಯ ತಿಂಗಳು, ಇಪ್ಪತ್ತನೆಯ ದಿನ
ರಾಯಚೂರು ನೆರಳುಪಟ್ಟಣ

ನಮಗಿಂತ ಮೊದಲು ಉಂಡವರೇ,

ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ಸಮತಟ್ಟೆ ಎಂಬುದು ನಮ್ಮ ಕಾನೂನು. ಕ್ಷಾಮಗಳ ನಂತರ ಮನೆಗಳಲ್ಲಿ ಒಲೆ ಉರಿಯುವುದಿಲ್ಲ. ಒಂದೇ ವಯಸ್ಸಿನ ಮಕ್ಕಳಿಗೆಲ್ಲ ಬೀದಿಯ ಉಣಿಸುಮನೆಯಲ್ಲಿ ಒಂದೇ ತೂಕದ ಊಟ: ಜೋಳದ ಗಂಜಿ, ಹುರುಳಿ, ಅರ್ಧ ಚಮಚ ಎಣ್ಣೆ, ಚಿಟಿಕೆ ಉಪ್ಪು. ನ್ಯಾಯವೆಂದೇ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು, ನೇಸರಿ ಹುಟ್ಟುವವರೆಗೆ.

ನೇಸರಿ ನನ್ನ ಮೊಮ್ಮಗಳು. ನಾಲ್ಕು ವರ್ಷ, ಹತ್ತು ಕಿಲೋ. ತಟ್ಟೆ ನೆಕ್ಕಿ ಮುಗಿಸಿ ಪಕ್ಕದವರ ತಟ್ಟೆ ನೋಡುತ್ತಾಳೆ. ಉಂಡದ್ದು ಅರಗದೆ ಜಿಡ್ಡುಜಿಡ್ಡಾಗಿ ಹೊರಹೋಗುತ್ತದೆ. ಬಡಿಸುವ ಗಿರಿಜವ್ವ, "ಹೊಟ್ಟಿ ಐತೋ ತೂತಿನ ಕೊಡ ಐತೋ ನಿನ್ನ ಮೊಮ್ಮಗಳಿಗೆ!" ಎಂದು ನಗುತ್ತಾಳೆ, ಮರುಗಳಿಗೆಯೇ ಕಣ್ಣೊರೆಸಿಕೊಂಡು ಪಾತ್ರೆಯ ತಳ ಕೆರೆದು ಹಾಕುತ್ತಾಳೆ. ಬೆವರಿದಾಗ ಮಗು ತನ್ನ ಮುಂಗೈಯನ್ನೇ ನೆಕ್ಕುತ್ತದೆ. "ಅಜ್ಜೀ, ಉಪ್ಪೈತಿ, ನೀನೂ ತಿನ್ನು" ಎಂದು ನನ್ನತ್ತ ಕೈ ಚಾಚುತ್ತದೆ.

ನಾನು ಉಳಿಸಿಕೊಂಡಿರುವ ನಿಮ್ಮ ಕಾಲದ ಪುಸ್ತಕದಲ್ಲಿ ಇದಕ್ಕೆ ಹೆಸರಿದೆ: ಸಿಸ್ಟಿಕ್ ಫೈಬ್ರೋಸಿಸ್. ಲೋಳೆ ಅಂಟಾಗಿ ಉಸಿರಿನ ದಾರಿಯನ್ನೂ ಜೀರ್ಣರಸದ ದಾರಿಯನ್ನೂ ಕಟ್ಟುವ ರೋಗ. ಮಗುವಿಗೆ ಒಂದೂವರೆ ಪಟ್ಟು ಊಟ, ತುಪ್ಪ, ಶೇಂಗಾ, ಹೆಚ್ಚು ಉಪ್ಪು, ಪ್ರತಿ ಊಟಕ್ಕೂ ಅರಗುಕಾಳು ಬೇಕು. ಅರಗುಕಾಳೆಂದರೆ ನೀವು ಎನ್‌ಜೈಮ್ ಎನ್ನುತ್ತಿದ್ದ ಔಷಧ. ಅದು ಊಟದ ಪಾಲು ನಿರ್ಧರಿಸುವ ತಟ್ಟೆ ಮಂಡಳಿಯ ಉಗ್ರಾಣದಲ್ಲಿದೆ, ಬೇರೆ ರೋಗದವರಿಗಾಗಿ.

ಪುಸ್ತಕ ಹಿಡಿದು ಮಂಡಳಿಗೆ ಹೋದೆ. ನಿಮ್ಮ ಕಾಲದಲ್ಲಿ ಬರೆದಿಟ್ಟ ಈ ಸೀಮೆಯ ಮರಣ ದಾಖಲೆಗಳಲ್ಲಿರುವ ರೋಗಗಳಿಗೆ ಮಾತ್ರ ಸಮತಟ್ಟೆಯಿಂದ ವಿನಾಯಿತಿ. "ನಮ್ಮ ಮಂದಿಗೆ ಈ ಬ್ಯಾನಿ ಬಂದೇ ಇಲ್ಲ ಬಿಡ್ರಿ ಅಮ್ಮಾರೆ, ಪಟ್ಟಿಯೊಳಗ ಇಲ್ಲ" ಎಂದ ಅಧಿಕಾರಿ ನನಗೆ ಕುರ್ಚಿಯನ್ನೂ ಕೊಟ್ಟ.

ಆ ದಾಖಲೆಗಳನ್ನು ಪುಟ ಬಿಡದೆ ಓದಿದೆ. ಭೇದಿ. ನ್ಯುಮೋನಿಯಾ. ಸೊರಗು. ಭೇದಿ. ಎರಡು ವರ್ಷದ ಒಂದು ಹೆಣ್ಣುಮಗುವಿನ ಹೆಸರಿನ ಪಕ್ಕ ಯಾರೋ ದಾದಿ ಸಣ್ಣಗೆ ಬರೆದಿದ್ದಾಳೆ: ಮುದ್ದಿಟ್ಟರೆ ಮಗು ಉಪ್ಪುಪ್ಪು ಅಂತಾಳೆ ತಾಯಿ. ಮರಣದ ಕಾರಣ, ಭೇದಿ. ಬೆವರಿನ ಉಪ್ಪು ಅಳೆದು ಈ ರೋಗವನ್ನು ಗುರುತಿಸುವ ಪರೀಕ್ಷೆ ನಿಮಗೆ ಗೊತ್ತಿತ್ತು. ಅದು ಬಿಳಿಯರ ರೋಗವೆಂದುಕೊಂಡು ಸುಮ್ಮನಾದಿರಿ.

ಆ ಮಗುವಿನ ಬೆವರು ಪರೀಕ್ಷಿಸಿ. ಅವಳ ಹೆಸರಿನ ಮುಂದೆ ನಿಜವಾದ ರೋಗವನ್ನು ಬರೆಯಿರಿ. ಪಟ್ಟಿಗೆ ಒಂದು ಹೆಸರು ಸಾಕು.

ಇದು ನಿಮ್ಮ ಕಾಲಕ್ಕೆ ನಾನು ಬರೆಯುತ್ತಿರುವ ಹನ್ನೊಂದನೆಯ ಪತ್ರ. ಪ್ರತಿ ಪತ್ರದ ಮರುದಿನ ದಾಖಲೆ ಮನೆಗೆ ಹೋಗಿ, ನೀವು ತಿದ್ದಿದ್ದೀರೇನೋ ಎಂದು ಅದೇ ಪುಟ ತೆರೆಯುತ್ತೇನೆ. ಇನ್ನೂ ಭೇದಿ ಎಂದೇ ಇದೆ.

ಪದ್ಮಲೋಚನಿ