ಚಿಕ್ಕತಾಯಮ್ಮನವರ ಅಂಟಿಕೊಂಡ ಪುಟ

ಸೆಪ್ಟೆಂಬರ್ ಮೂವತ್ತೆರಡು, 2231
ಹಿರಿಯರ ಹಬ್ಬದ ಹಿಂದಿನ ದಿನ

ಪೂಜ್ಯ ಚಿಕ್ಕತಾಯಮ್ಮ ಅಜ್ಜಿಯವರಿಗೆ,

ನಿಮ್ಮ ಮರಿಮಗನ ಮರಿಮಗನ ಮನೆಗೆ ಸೊಸೆಯಾಗಿ ಬಂದ ಕೆಂಪಮ್ಮಣ್ಣಿ ಮಾಡುವ ನಮಸ್ಕಾರಗಳು. ತಾರೀಕು ನೋಡಿ ನನಗೆ ಅರಳುಮರಳು ಎಂದುಕೊಳ್ಳಬೇಡಿ. ಬಿಸಿಲು ತಡೆಯಲಾರದೆ ನಮ್ಮ ಸರ್ಕಾರ ಏಪ್ರಿಲ್ ತಿಂಗಳನ್ನೇ ಕ್ಯಾಲೆಂಡರಿನಿಂದ ಕಿತ್ತುಹಾಕಿ, ಅದರ ದಿನಗಳನ್ನು ಉಳಿದ ತಿಂಗಳುಗಳಿಗೆ ಹಂಚಿತು. ಬಿಸಿಲು ಮಾತ್ರ ಎಲ್ಲಿಗೂ ಹೋಗಲಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಒಂದೇ ಒಂದು ಮಾತು ನಮಗೆ ಅರ್ಥವಾಗದೆ ಆಗಿರುವ ಅನಾಹುತದ ಮುಂದೆ ಅದು ಏನೂ ಅಲ್ಲ.

ನಾವಿರುವುದು ನೆಲಮನೆಯಲ್ಲಿ. ನೆಲಮನೆಯೆಂದರೆ ಬಾವಿ ತೋಡಿದ ಹಾಗೆ ಕೆಳಕ್ಕೆ ಇಳಿಸಿ ಕಟ್ಟಿದ ನಾಲ್ಕು ಅಂತಸ್ತು. ಶಿಂಷಾ ಎಂಬ ಹೊಳೆ ಹರಿಯುತ್ತಿತ್ತು ಎನ್ನುವ ಜಾಗದಲ್ಲಿ ನಮ್ಮ ಮನೆಯಿದೆ. ಕೆಳಗೆ ಹೋದಷ್ಟೂ ತಂಪು, ಆದ್ದರಿಂದ ಕೆಳಗಿನ ಕೋಣೆಗೆ ಮರ್ಯಾದೆ ಹೆಚ್ಚು. ನೆಲದ ಮೇಲೆ ಕಾಣುವುದು ಮಹಡಿಯ ಚಪ್ಪಡಿ ಮಾತ್ರ. ಚಳಿಗಾಲ ಕಳೆದ ಮೇಲೆ ಅಲ್ಲಿಗೆ ಯಾರೂ ಸುಮ್ಮನೆ ಹತ್ತುವುದಿಲ್ಲ.

ವರ್ಷಕ್ಕೊಂದು ಸಲ, ಮಳೆ ನಿಂತು ಬಿಸಿಲು ಇನ್ನೂ ಏರದ ಈ ದಿನಗಳಲ್ಲಿ, ಕೂಡುವಾರ ಬರುತ್ತದೆ. ಆ ಏಳು ದಿನ ನೆಂಟರು ಮನೆಯಿಂದ ಮನೆಗೆ ಓಡಾಡಬಹುದು, ಒಲೆಗೆ ಬೆಂಕಿ ಹಾಕಬಹುದು. ಈಗ ನಮ್ಮಲ್ಲಿ ನಲವತ್ತೊಂದು ಜನ ಸೇರಿದ್ದಾರೆ. ನನ್ನ ನಾದಿನಿಯರು ಮೂವರೂ ಬಂದಿದ್ದಾರೆ, ಬಂದ ಗಳಿಗೆಯಿಂದ ನನ್ನ ಅಡುಗೆಗೆ ಹೆಸರಿಡುತ್ತಿದ್ದಾರೆ, ಇಟ್ಟುಕೊಂಡೇ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದಾರೆ. ಮಕ್ಕಳು ಮೆಟ್ಟಿಲ ಮೇಲೆ ಚೌಕಾಬಾರ ಬರೆದು, ಕವಡೆ ಎಸೆದು, ಮೋಸ ಮಾಡಿ ಕಿರುಚುತ್ತಿವೆ. ಮುದ್ದೆ, ಅವರೆಕಾಳಿನ ಸಾರು, ಎಳ್ಳುಂಡೆ, ತೊಟ್ಟಿಮಾಂಸದ ಹುರಿದ ತುಂಡು (ಇದು ಆಡೇ ಇಲ್ಲದೆ ತೊಟ್ಟಿಯಲ್ಲಿ ಬೆಳೆಯುವ ಮಾಂಸ, ರುಚಿಯೂ ತೊಟ್ಟಿಯದೇ), ಎಲ್ಲಕ್ಕಿಂತ ಮೇಲೆ ಕಜ್ಜಾಯ. ಬೆಲ್ಲದ ಪಾಕದ ವಾಸನೆ ನಾಲ್ಕನೇ ಅಂತಸ್ತಿನ ತನಕ ಇಳಿದಿದೆ. ನಾನು ಈ ವಾರವನ್ನು ಎಪ್ಪತ್ತು ವರ್ಷ ಹುಚ್ಚಿನಂತೆ ಪ್ರೀತಿಸಿದ್ದೇನೆ, ಇವತ್ತೂ ಪ್ರೀತಿಸುತ್ತೇನೆ. ಅದೇ ಹೊಟ್ಟೆ ಉರಿಯುವ ವಿಷಯ. ನಾಳಿನ ಕಜ್ಜಾಯದ ಹಿಟ್ಟನ್ನು ಬೆಳಿಗ್ಗೆ ನಾನೇ ಕಲಸಿದೆ.

ಈ ಹಬ್ಬ ಮಧ್ಯೆ ಮೂರು ತಲೆಮಾರು ನಿಂತುಹೋಗಿತ್ತು. ಮತ್ತೆ ಶುರುವಾದದ್ದು ನಿಮ್ಮ ನೋಟ್‌ಬುಕ್ಕಿನಿಂದ. ಹೊಸದಾಗಿ ಬಂದ ಸೊಸೆಗಾಗಿ ನೀವು ಬರೆದಿಟ್ಟದ್ದು ಅದು. ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಹಬ್ಬದ ದಿನ ಎಲ್ಲರೂ ನಿಂತು ಓದಿಸಿ ಕೇಳುತ್ತೇವೆ: “ಹಿರಿಯರ್ಗೆ ಎಡೆ ಇಕ್ಕಿ, ಹೊಸ ಬಟ್ಟೆ ಮಡಗಿ, ಧೂಪ ಹಾಕಿ, ಬಾಗ್ಲು ಮುಚ್ಕೊಂಡು ಎಲ್ರೂ ಆಚ್ಗೆ ಬನ್ನಿ. ಅವ್ರು ವಾಸ್ನೇಲೇ ತೃಪ್ತಿ ಆಯ್ತಾರೆ. ಆಮೇಕೆ ಮಹಡಿ ಮ್ಯಾಲೆ ಒಂದೆಲೆ ಇಕ್ಕಿ ಕಾಗೆನ ಕರೀರಿ. ಕಾಗೆ ಮುಟ್ಟುದ್ರೆ ಹಿರಿಯರು ಮುಟ್ದಂಗೆ.”

ಹಿರಿಯರು ಅಂದರೆ ಯಾರು ಎಂದು ಆಗಿನವರು ತಲೆ ಕೆಡಿಸಿಕೊಂಡರಂತೆ. ಅಷ್ಟರಲ್ಲಿ ಮಣ್ಣು ಅಗೆಯುವಾಗ ನಿಮ್ಮ ಕಾಲದ ಬಸ್ಸಿನ ತಗಡೊಂದು ಸಿಕ್ಕಿತು. ಅದರ ಮೇಲೆ “ಹಿರಿಯ ನಾಗರಿಕರಿಗೆ ಮೀಸಲು” ಎಂದು ಬರೆದಿತ್ತು. ಬಸ್ಸಿನಲ್ಲಿ ಕೂರುವವರೆಂದ ಮೇಲೆ ಬದುಕಿರುವ ಮುದುಕರೇ ಎಂದು ತೀರ್ಮಾನವಾಯಿತು. ಇನ್ನು ಕಾಗೆ. ನಮ್ಮಲ್ಲಿ ಯಾರೂ ಕಾಗೆಯನ್ನು ಕಂಡಿಲ್ಲ. ಕಾಗೆ ಮುಟ್ಟಿದರೆ ಹಿರಿಯರು ಮುಟ್ಟಿದ ಹಾಗೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಎಡೆಗೆ ಕೂತೆದ್ದ ಹಿರಿಯರಿಗೇ ಆಮೇಲೆ ಕಾಗೆ ಎಂಬ ಪದವಿ ಎಂದು ನಮ್ಮ ಜಾಣರು ಲೆಕ್ಕ ಹಾಕಿದರು.

ಹೀಗೆ ಎಪ್ಪತ್ತು ತುಂಬಿದವರನ್ನು ಹಬ್ಬದ ದಿನ ಎಲೆಯ ಮುಂದೆ ಕೂರಿಸುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಸೀರೆಯನ್ನೋ ಪಂಚೆಯನ್ನೋ ಎದುರಿಗಿಟ್ಟು ಬಾಗಿಲು ಮುಚ್ಚುತ್ತೇವೆ. ಅವರು ಮುಟ್ಟಬಾರದು, ವಾಸನೆ ಕುಡಿದು ತೃಪ್ತರಾಗಬೇಕು. ಅರ್ಧ ಗಂಟೆಯ ಮೇಲೆ ಬಾಗಿಲು ತೆಗೆದು ಅದೇ ಎಡೆಯನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತೇವೆ, ಅವರ ಫೋಟೋಕ್ಕೆ ಹಾರ ಹಾಕುತ್ತೇವೆ, ಅವರನ್ನು ಮಹಡಿಗೆ ಹತ್ತಿಸುತ್ತೇವೆ. ಅಲ್ಲೊಂದು ತಗಡಿನ ಸೂರು ಇದೆ. ಅಂದಿನಿಂದ ಅವರು ಕಾಗೆ. ಅವರ ಜೊತೆ ಮಾತಿಲ್ಲ. ದಿನಕ್ಕೊಂದು ಸಲ ಎಲೆ ಇಟ್ಟು “ಕಾ ಕಾ” ಎಂದು ಕೂಗಿದರೆ ಬಂದು ತಿನ್ನಬೇಕು. ಮೊದಲ ಮೂರು ತಿಂಗಳು ಹವೆ ಹಿತವಾಗಿಯೇ ಇರುತ್ತದೆ. ಯುಗಾದಿಯನ್ನು ದಾಟಿದ ಕಾಗೆಯನ್ನು ನಾನು ನೋಡಿಲ್ಲ. ನನ್ನ ಗಂಡ ಅರವತ್ತಕ್ಕೇ ಜ್ವರ ಬಂದು ತೀರಿಕೊಂಡ, ಪುಣ್ಯವಂತ.

ಮೂವತ್ತೊಂದು ವರ್ಷದ ಹಿಂದೆ ನಮ್ಮ ಅತ್ತೆ ಹೊನ್ನಾಜಮ್ಮನವರ ಸರದಿ ಬಂದಿತ್ತು. ಅವರು ನನ್ನನ್ನು ಹದಿನೆಂಟು ವರ್ಷ ಅರೆದಿದ್ದರು. ಹೆತ್ತ ಮೂರನೇ ದಿನ ನನ್ನ ಕೈಯಲ್ಲಿ ಪಾತ್ರೆ ತೊಳೆಸಿದರು, ನಮ್ಮವ್ವ ಸತ್ತಾಗ ಸಾರು ಹೊತ್ತಿತು ಎಂದು ಬೈದರು. ನಾಲ್ಕನೇ ಅಂತಸ್ತಿನ ತಂಪು ಕೋಣೆ ಅವರದು, ಒಂದನೆಯ ಅಂತಸ್ತಿನ ಕಾವಲಿಯಂಥ ಕೋಣೆ ನನ್ನದು. ಹಬ್ಬದ ಹಿಂದಿನ ದಿನ, ಹೀಗೆಯೇ ಮಧ್ಯಾಹ್ನ, ಗಾಜಿನ ಪೆಟ್ಟಿಗೆ ಒರೆಸುವ ಕೆಲಸ ನನಗೆ ಬಿತ್ತು. ನೋಟ್‌ಬುಕ್ಕಿನ ಹಾಳೆಯೊಂದು ಉಳಿದವಕ್ಕಿಂತ ದಪ್ಪವಿದೆ ಅನ್ನಿಸಿತು. ಎರಡು ಹಾಳೆ ಅಂಟಿಕೊಂಡಿದ್ದವು. ಅಂಚಿನಲ್ಲಿ ನಿಮ್ಮ ಹೆಬ್ಬೆರಳಿನ ಗುರುತು, ಬೆಲ್ಲದ ಕಂದು ಬಣ್ಣ. ಕಜ್ಜಾಯ ತಟ್ಟುತ್ತಾ ಎದ್ದು ಬಂದು ಬರೆದಿರಬೇಕು ನೀವು. ಕುದಿಯುವ ನೀರಿನ ಹಬೆಗೆ ಹಿಡಿದು ಬಿಡಿಸಿದೆ. ಒಳಗೆ ನಾಲ್ಕೇ ಸಾಲು ಇತ್ತು:

“ನಿಮ್ಮತ್ತೆಗೆ, ಅಂದ್ರೆ ನಂಗೆ, ಸಕ್ಕರೆ ಕಾಯ್ಲೆ ಐತೆ ಕಣವ್ವ, ಎಡೆ ಆಗೋಗಂಟ ಕಾಯಿಸ್ಬ್ಯಾಡ. ಮನೇಲಿ ಬದ್ಕಿರೋ ದೊಡ್ಡೋರ್ಗೆ ಮೊದ್ಲೇ ಒಸಿ ತಿನ್ನಕ್ಕೆ ಕೊಟ್ಬುಡು. ಹಿರಿಯರು ಅಂದ್ರೆ ಸತ್ತೋಗಿರೋರು, ಅವ್ರು ಕಾಯ್ತಾರೆ. ಕಾಗೆ ಬರ್ನಿಲ್ಲ ಅಂದ್ರೆ ಯಾವ ಹಕ್ಕಿ ಮುಟ್ಟುದ್ರೂ ಆಯ್ತದೆ.”

ನಾಲ್ಕು ಸಾಲನ್ನೂ ಎರಡು ಸಲ ಓದಿದೆ. ಆಮೇಲೆ ತಂಪು ಕೋಣೆ ನೆನಪಾಯಿತು. ಸುಳ್ಳು ಹೇಳುವುದಿಲ್ಲ ಅಜ್ಜಿ, ಅದರ ಜೊತೆಗೆ ಒಂದು ಸಂತೋಷವೂ ಆಯಿತು. ಆ ಹಾಳೆಯನ್ನು ಕಜ್ಜಾಯದ ಒಲೆಗೆ ಹಾಕಿದೆ. ಬೆಲ್ಲ ಅಂಟಿದ್ದರಿಂದ ಚೆನ್ನಾಗಿಯೇ ಉರಿಯಿತು.

ಮರುದಿನ ಬಾಗಿಲು ಮುಚ್ಚಿ ಕಾವಲು ನಿಂತವಳು ನಾನೇ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರ ದನಿ ಬಂತು. ಅಷ್ಟು ಮೆತ್ತಗಿನ ದನಿ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. “ಕೆಂಪಿ, ಒಂದು ಕಜ್ಜಾಯ ತಿನ್ಕಳ್ಳಾ? ಯಾರ್ಗೂ ಯೋಳ್ಬ್ಯಾಡ ಕಣವ್ವ.” ನಾನು ಬಾಗಿಲಿಗೆ ಬಾಯಿಟ್ಟು ಹೇಳಿದೆ: “ಹಿರಿಯರು ಮಾತಾಡ್ಬಾರ್ದು, ಅತ್ತೆಮ್ಮ.” ಬಾಗಿಲು ತೆಗೆದಾಗ ಎಲೆಯಲ್ಲಿ ಎಲ್ಲವೂ ಇಟ್ಟಲ್ಲೇ ಇತ್ತು. ಅವರ ಪಾಲಿನ ದೊಡ್ಡ ಕಜ್ಜಾಯವನ್ನು ನಾನು ತಿಂದೆ, ರುಚಿಯಾಗಿತ್ತು. ಶಿವರಾತ್ರಿ ಕಳೆದು ಹದಿನೈದು ದಿನಕ್ಕೆ ಅವರು ಕೂಗಿಗೆ ಬರುವುದು ನಿಂತಿತು. ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ತಣ್ಣಗೆ ಮಲಗಿದ್ದೇನೆ.

ನಾಳೆ ನನ್ನ ಎಡೆ. ಹೋದ ವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ನಿಜ ಹೇಳಿಬಿಟ್ಟೆ. ಹಿರಿಯರೆಂದರೆ ಸತ್ತವರು, ಕಾಗೆಯೆಂದರೆ ಹಕ್ಕಿ ಎಂದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಸೊಸೆ ಮೋನಿಷಾ ಮಾತ್ರ ನಗದೆ, “ಸರದಿ ಬಂದಾಗ ಎಲ್ರೂ ಏನಾರ ಒಂದು ಯೋಳ್ತಾರೆ ಬುಡಿ” ಎಂದಳು. ಅದು ಸರಿಯೇ, ನಮ್ಮ ಅತ್ತೆಗೂ ತಲೆಸುತ್ತು ಬಂದಿತ್ತು, ನಾವು ನಾಟಕವೆಂದಿದ್ದೆವು. ನನ್ನ ಮಗ ಚಿಕ್ಕಬೋರ ಸಾವಧಾನವಾಗಿ ಕೈ ತೊಳೆದುಕೊಂಡು ಬಂದು ಕೇಳಿದ: “ಆ ಹಾಳೆ ಎಲ್ಲವ್ವ?” ಹೇಳಿದೆ. “ಓದ್ಬುಟ್ಟೂ ಸುಟ್ಟಾ?” ಎಂದ. ಹೂಂ ಎಂದೆ. ಮಹಡಿಯ ತಗಡನ್ನು ನಿನ್ನೆ ಅವನೇ ಹೊಸದಾಗಿ ಹೊಡೆಸಿದ್ದಾನೆ, ತಾಯಿಯ ಮೇಲೆ ಪ್ರೀತಿ.

ಕೊನೆಗೆ ಮೊಮ್ಮಗಳು ಗಿಣಿಯನ್ನು ಹಿಡಿದುಕೊಂಡೆ. ಅವಳಿಗೆ ಒಂಬತ್ತು ವರ್ಷ. ಮನೆಯ ಮಕ್ಕಳಲ್ಲಿ ನಿಮ್ಮ ಅಕ್ಷರ ಓದಲು ಬರುವುದು ಅವಳೊಬ್ಬಳಿಗೇ, ಕಲಿಸಿದವಳು ನಾನೇ. ಇವತ್ತು ಬೆಳಿಗ್ಗೆ ಆ ನಾಲ್ಕು ಸಾಲನ್ನು ನೆನಪಿನಿಂದ ಸ್ಲೇಟಿನ ಮೇಲೆ ಬರೆದು ಅವಳ ಮುಂದಿಟ್ಟೆ. ನಾಳೆ ಎಲ್ಲರ ಮುಂದೆ ಗಟ್ಟಿಯಾಗಿ ಓದು ಚಿನ್ನ ಎಂದು ಅಂಗಲಾಚಿದೆ. ಓದಿಕೊಂಡಳು, ತಪ್ಪಿಲ್ಲದೆ. ಆಮೇಲೆ ಕೇಳಿದಳು: “ಇದ್ನ ಓದುದ್ರೆ ನೀನು ಮ್ಯಾಲಕ್ಕೆ ಹೋಗಕಿಲ್ವಾ? ನಿನ್ನ ಕೋಣೆ ನಂಗೇಂತ ಅಪ್ಪ ಯೋಳವ್ರೆ.” ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಲಂಗದ ತುದಿಯಿಂದ ಸ್ಲೇಟನ್ನು ಒರೆಸಿ, ನನ್ನ ತುಟಿಯ ಮೇಲೆ ಪುಟ್ಟ ಬೆರಳಿಟ್ಟು ಹೇಳಿದಳು: “ಹಿರಿಯರು ಮಾತಾಡ್ಬಾರ್ದು ಕಣಜ್ಜಿ.” ಈಗ ಮೆಟ್ಟಿಲ ಮೇಲೆ ಉಳಿದ ಮಕ್ಕಳಿಗೆ ಕಾ ಕಾ ಎಂದು ಕೂಗುವುದನ್ನು ಕಲಿಸುತ್ತಿದ್ದಾಳೆ. ಇಲ್ಲಿಗೆ ಚೆನ್ನಾಗಿ ಕೇಳಿಸುತ್ತಿದೆ.

ನಿಮ್ಮನ್ನು ಬೇಡಿಕೊಳ್ಳುವುದು ಒಂದಿದೆ. ಆ ಮಾತನ್ನು ದೊಡ್ಡಕ್ಷರದಲ್ಲಿ ಹತ್ತು ಕಡೆ ಬರೆಯಿರಿ ಎಂದು ಕೇಳೋಣವೆಂದು ಕೂತಿದ್ದೆ, ಆದರೆ ಅಂಟಿದ್ದನ್ನು ಬಿಡಿಸಿಕೊಂಡು ಓದಿದವಳೇ ಏನು ಮಾಡಿದಳೆಂದು ನಿಮಗೆ ಈಗ ಗೊತ್ತಾಗಿದೆ. ಆ ಹಾಳೆಯನ್ನು ನಾನೊಬ್ಬಳೇ, ಅದೂ ಆ ದಿನ, ಬಿಡಿಸಿ ಓದುವಂತಾಗಬಾರದಿತ್ತು. ಮೊದಲಿನಿಂದಲೂ ಎಲ್ಲರೂ ಓದಿದ್ದರೆ ನಾನು ಬರೀ ಒಬ್ಬ ಕೆಟ್ಟ ಸೊಸೆಯಾಗಿ ಬದುಕಿ ಮುಗಿಸುತ್ತಿದ್ದೆ. ಈಗ ನಿಮ್ಮ ಅಡುಗೆಮನೆಯಲ್ಲಿ ಎಣ್ಣೆ ಕಾದಿರಬೇಕು, ನೋಟ್‌ಬುಕ್ಕು ಪಕ್ಕದಲ್ಲೇ ಇರಬೇಕು, ಸೊಸೆಗೆ ಇನ್ನೊಂದು ಮಾತು ಹೇಳುವುದಿತ್ತಲ್ಲ ಎಂದು ನಿಮಗೆ ನೆನಪಾಗಿರಬೇಕು. ಪೆನ್ನು ಹಿಡಿಯುವ ಮುಂಚೆ, ಅಜ್ಜಿ, ಕೈ ತೊಳೆದುಕೊಳ್ಳಿ.

ಇಂತಿ,
ನಾಳೆಯವರೆಗೆ ಮಾತ್ರ ನಿಮ್ಮ ಸೊಸೆ
ಕೆಂಪಮ್ಮಣ್ಣಿ