ರಾಣಿಯ ಕೋಣೆಯಲ್ಲಿ ಹುಡುಕಾಟ

ದಾನೀ,

ಇವತ್ತು ಅತ್ತಿಗುಪ್ಪೆಯಲ್ಲಿ ತಂಗಿ ಮಗಳು ವಚನಾ ಕಂಪ್ಯೂಟರಿನಲ್ಲಿ ಒಂದು ಆಟ ಆಡಿಸಿದಳು. ರಾಜರ ಕಾಲದ ಅರಮನೆಯಲ್ಲಿ ರಾಣಿ ಕಾಣೆ. ಅವಳ ಕೋಣೆಯಲ್ಲಿ ಅಡಗಿದ ಸಾಮಾನು ಹುಡುಕಿದರೆ ಸುಳಿವು ಸಿಗುತ್ತೆ. ವಚನಾ ಇಂಗ್ಲಿಷ್ ಪಟ್ಟಿ ಓದಿ ಹೇಳಿದಳು, ನಾನು ಬೆರಳಿಟ್ಟು ತೋರಿಸಿದೆ. ದೀಪ, ಬಾಚಣಿಗೆ, ಮಂಚದ ಕೆಳಗಿನ ಉಂಗುರ, ಎಲ್ಲಾ ಎರಡೇ ನಿಮಿಷ!

"ಮಾಮಾ, ನಿಮ್ದು ಹದ್ದಿನ ಕಣ್ಣು!"

"ಹಳ್ಳಿ ಸ್ಕೂಲಿನ ನಾಲ್ಕನೇ ಕ್ಲಾಸಿಗೇ ಹಿಂಗೆ ಕಣೇ, ಇನ್ನೂ ಓದಿದ್ದಿದ್ರೆ ಪೊಲೀಸ್ ಕಮಿಷನರ್ರೇ ಆಗ್ತಿದ್ದೆ!"

ನೀನು ತೀರಿಕೊಳ್ಳುವ ಮುಂಚೆ, ಸೊರಗಿದ ಬೆರಳಿನಿಂದ ಕಾಲುಂಗುರ ಜಾರದಿರಲೆಂದು ದಾರ ಸುತ್ತಿಕೊಂಡಿದ್ದೆಯಲ್ಲ, ಅದನ್ನು ಮೊದಲು ಕಂಡವನೂ ನಾನೇ. "ಏನೇ, ಹೊಸ ಫ್ಯಾಷನ್ನಾ?" ಅಂತ ನಕ್ಕಿದ್ದೆ. ದಾರದ ಸುತ್ತು ತಿಂಗಳು ತಿಂಗಳು ಹೆಚ್ಚಿದ್ದೂ ಕಂಡಿತ್ತು.

ವಚನಾ ಮುಂದಿನ ಕೋಣೆ ತೆಗೆದಳು. ಕಣ್ಣು ಉರೀತಿದೆ ಅಂತ ಎದ್ದು ಬಂದೆ.