ಗೋದಜ್ಜಿಯ ಪಾಯಸ, ಮೀಸೆಯವನ ಚಿತ್ರ

ದೆಹಲಿ, ಶನಿವಾರ

ದೊಡ್ಡಪ್ಪಾ, ನಮಸ್ಕಾರ ಮಾಡಿದೆ ಎಂದುಕೊಳ್ಳಿ, ಆದರೆ ಸಿಟ್ಟಿನಲ್ಲೇ ಮಾಡಿದ್ದೇನೆ.

ಇಲ್ಲಿನ ಆಹಾರ ಮೇಳದಲ್ಲಿ ನಿಮ್ಮ ಸೋದರತ್ತೆ ಗೋದಜ್ಜಿಯ ರಸಬಾಳೆ ಪಾಯಸ ಮಾಡಿದೆ. ಅವಳ ಹಾಗೇ ಏಲಕ್ಕಿಯ ಬದಲು ಮೆಣಸು ಕುಟ್ಟಿ ಹಾಕಿದೆ. ಜನ ಮುಗಿಬಿದ್ದರು. ತಲೆಯೆತ್ತಿ ನೋಡಿದರೆ ನನ್ನ ಪಾತ್ರೆಯ ಮೇಲೆ ‘ಅರಮನೆ ಪಾಯಸ’ ಎಂಬ ಬೋರ್ಡು, ಪಕ್ಕದಲ್ಲಿ ಪೇಟ ಸುತ್ತಿದ ಯಾವನೋ ಮೀಸೆಯವನ ಚಿತ್ರ!

ಮೇಳದ ಮ್ಯಾನೇಜರ್ ಮೈಸೂರಿನವನೇ. ಹಿಡಿದು ನಿಲ್ಲಿಸಿ ಕೇಳಿದೆ. “ಇದು ನಂಜನಗೂಡಿನ ಛತ್ರದಲ್ಲಿ ನಮ್ಮಜ್ಜಿ ಮಾಡ್ತಿದ್ದದ್ದು ಕಣ್ರೀ, ಯಾವ ಅರಮನೇದೂ ಅಲ್ಲ!”

“ಹಂಗಾ ಮೇಡಂ? ಅವ್ರದೊಂದು ಫೋಟೋ ಕೊಡಿ, ಈಗ್ಲೇ ಬದಲಾಯಿಸ್ತೀನಿ” ಎಂದ.

ಎಲ್ಲಿಂದ ತರಲಿ? ನಿಮ್ಮ ಮದುವೆಗೂ ಅಡುಗೆ ಮಾಡಿದವಳು ಅವಳೇ. ತಲೆ ಬೋಳಿಸಿದ ವಿಧವೆ ಎದುರಿಗೆ ಬರಬಾರದೆಂದು, ಫೋಟೋ ತೆಗೆಯುವಾಗ ನೀವೆಲ್ಲ ಸೇರಿ ಅಡುಗೆಮನೆಯ ಬಾಗಿಲು ಹಾಕಿಸಿದಿರಂತೆ. ಊಟಕ್ಕೆ ಕೂತಾಗ ಮಾತ್ರ ಆ ಬಾಗಿಲು ತೆಗೆಸಿದಿರಂತೆ.

ಇಲ್ಲಿನ ಚಳಿಗೆ ಕೆಮ್ಮು ಹತ್ತಿದೆ, ಕಷಾಯ ಕುಡಿಯುತ್ತಿದ್ದೇನೆ. ಗುರುವಾರ ಊರಿಗೆ ಬರುತ್ತೇನೆ.

ನಮ್ಮ ಆಲ್ಬಮ್ಮಿನಲ್ಲಿ ಹಸು ಗೌರಿಯ ಫೋಟೋ ಇದೆಯಲ್ಲ, ದೊಡ್ಡಪ್ಪಾ, ಅದನ್ನೇ ಕೊಡಲೇ?

ಚಂಪಕ